ಅಡ್ಡಕ್ಕೆ ಮಲಗಿದ ಮನೆ

ನಮ್ಮಣ್ಣ ದೊಡ್ಡಯ್ಯನಿಗೆ ತೊಟ್ಟಿಮನೆಯ ಹುಚ್ಚು ಹಿಡಿದದ್ದು ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ. ಬರೀ ಹುಚ್ಚು ಅನ್ನಬಾರದು, ಅಗತ್ಯವೂ ಇತ್ತು. ನುಗ್ಗೇಹಳ್ಳಿಯ ನಮ್ಮ ಆರಂಕಣದ ಹಳೇ ಮನೆಯಲ್ಲಿ ಅವ್ವ, ನಾವು ಐದು ಜನ ಅಣ್ಣತಮ್ಮಂದಿರು, ನಾಲ್ವರು ಸೊಸೆಯರು, ಹದಿಮೂರು ಮಕ್ಕಳು, ಸಾಲದ್ದಕ್ಕೆ ಎರಡು ಜೊತೆ ಎತ್ತು, ಮೂರು ಹಸು. ಮಲಗಿದಾಗ ಒಬ್ಬರು ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಬದಲಿಸಬೇಕಿತ್ತು. ಊರಾಚೆ ಬಸ್ಸಿನ ರಸ್ತೆಯ ಪಕ್ಕ ನಮ್ಮದೊಂದು ಇಳಿಜಾರಿನ ಹೊಲವಿತ್ತು. ಅಲ್ಲಿ ರಾಗಿ ಬಿತ್ತಿದರೆ ಮೊದಲ ಮಳೆಗೇ ಅರ್ಧ ಬೀಜ ರಸ್ತೆಗೆ ಇಳಿಯುತ್ತಿತ್ತು. ಅಲ್ಲೇ ಮನೆ ಎಂದು ಅಣ್ಣ ತೀರ್ಮಾನಿಸಿದ. ಪಾಯ ತೋಡುವ ಮೊದಲೇ, ಮನೆ ನಡುವಿನ ತೆರೆದಂಗಳದ ತೊಟ್ಟಿಗೆಂದು ನಾಲ್ಕು ಹಲಸಿನ ಕಂಬ ಕಡೆಸಿ ತಂದು, ಬಂದವರಿಗೆಲ್ಲ ಸವರಿ ತೋರಿಸುತ್ತಿದ್ದ.

ನಾನು ಎರಡನೆಯವನು, ಪಾಲಾಕ್ಷ. ಇಪ್ಪತ್ತೆರಡನೇ ವಯಸ್ಸಿನಲ್ಲಿ ತೆಂಗಿನ ಮರದಿಂದ ಬಿದ್ದೆ. ಅಲ್ಲಿಂದೀಚೆಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಅಂಗೈ ಊರಿ, ಕೂತಲ್ಲಿಂದಲೇ ಮೈ ಎಳೆದುಕೊಂಡು ಓಡಾಡುತ್ತೇನೆ. ಹಳೇ ಮನೆ ಇಕ್ಕಟ್ಟಾದರೂ ನೆಲವೆಲ್ಲ ಒಂದೇ ಮಟ್ಟ. ಜಗಲಿಯಿಂದ ಒಲೆಯ ಬುಡದ ತನಕ ನಾನು ಹೋಗದ ಜಾಗವಿರಲಿಲ್ಲ. ಯಾರಾದರೂ ನನ್ನನ್ನು ಎತ್ತಿಕೊಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಎತ್ತಲು ಬಂದ ಇಬ್ಬರನ್ನು ಕಚ್ಚಿದ್ದೇನೆ. ಅವರಲ್ಲಿ ಒಬ್ಬರು ಬೀಗರು.

ಮೇಸ್ತ್ರಿ ರಾಮಣ್ಣ ಚನ್ನರಾಯಪಟ್ಟಣದಿಂದ ಬಂದ. ಹಗ್ಗ ಎಳೆದು, ಸುಣ್ಣದ ಪುಡಿ ಉದುರಿಸಿ, ಇಡೀ ಮನೆಯನ್ನು ಅಳತೆಗೆ ಸರಿಯಾಗಿ ಹೊಲದ ಮೇಲೇ ಬರೆದ. ಮೆಟ್ಟಿಲು ಬರುವ ಕಡೆ ಕಲ್ಲು ಸಾಲಿಟ್ಟ. ಮಾರನೇ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಟೆವು. ನಾನು ಗಾಡಿಯಲ್ಲಿ; ಗಾಡಿಯ ಹಿಂಬದಿಯನ್ನು ನೆಲಕ್ಕೆ ತಾಗಿಸಿದರೆ ನಾನೇ ಹತ್ತಿಕೊಳ್ಳುತ್ತೇನೆ.

ಗೆರೆಯ ಮನೆಯಲ್ಲಿ ಆಗಲೇ ಸಂಸಾರ ಶುರುವಾಗಿತ್ತು. ಮಕ್ಕಳು ಬಾಗಿಲು ಹುಡುಕಿಕೊಂಡು ಒಳಗೆ ನುಗ್ಗುತ್ತಿದ್ದವು. ಕೊನೇ ತಮ್ಮ ಗೌರೀಶಂಕರ ಗೋಡೆ ದಾಟಿ ಬಂದನೆಂದು ಅಣ್ಣನ ಹೆಂಡತಿ ದಾಕ್ಷಾಯಣಮ್ಮ ಅವನನ್ನು ವಾಪಸು ಕಳಿಸಿದಳು. ಅಣ್ಣ ನನ್ನನ್ನು ರಸ್ತೆ ಕಡೆಯ ಒಂದು ಚೌಕದೊಳಕ್ಕೆ ಕರೆದ.

"ಪಾಲಾಕ್ಷ, ಇದು ನಿಂದು ಕಣ್ಲಾ. ಮನೇಗೇ ಒಳ್ಳೇ ಕ್ವಾಣೆ. ಕಿಟಕಿ ತೆಗುದ್ರೆ ರಸ್ತೆ. ಬಸ್ಸು ಬರೋದು, ಓಗೋದು, ಯಾರ್ ಇಳುದ್ರು, ಎಲ್ಲಾ ಕಾಣ್ತದೆ."

"ಉಣ್ಣಾಕೆ?" ಎಂದೆ.

"ಊಟ ನಿನ್ ತಾವ್ಕೇ ಬತ್ತದೆ. ಆ ಮೆಟ್ಲೆಲ್ಲಾ ನಿಂಗ್ಯಾಕೆ."

ಮೇಲೆ ನೋಡಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ತೊಟ್ಟಿ. ಮತ್ತೆ ಐದು ಹತ್ತಿದರೆ ನಡುಮನೆ, ಅಡುಗೆಮನೆ. ಅಲ್ಲಿ ಎಲ್ಲರೂ. ಕೆಳಗೆ ನಾನು ಮತ್ತು ಬಸ್ಸು. ಅಣ್ಣನ ಮುಖದ ತುಂಬ ಪ್ರೀತಿ ಇತ್ತು, ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟದ್ದು ಮಾಡಿದ್ದರೆ ಬೈಯಬಹುದಿತ್ತು, ಒಳ್ಳೆಯದು ಮಾಡುವವನನ್ನು ಏನೆಂದು ಬೈಯುವುದು?

ಮಧ್ಯಾಹ್ನ ಎಲ್ಲರೂ ನಡುಮನೆಯ ಗೆರೆಯೊಳಗೆ ಸಾಲಾಗಿ ಊಟಕ್ಕೆ ಕೂತರು. ಹೊಸ ಮನೆಯ ಪದ್ಧತಿ ಈಗಿನಿಂದಲೇ ಆಗಲಿ ಎಂದು ಅತ್ತಿಗೆ ನನ್ನ ತಟ್ಟೆಯನ್ನು ಕೆಳಕ್ಕೆ ಕಳಿಸಿದಳು. ಮುದ್ದೆ, ಹುರುಳಿ ಸಾರು. ಮೇಲಿನಿಂದ ನಗು ಕೇಳುತ್ತಿತ್ತು. ಏನು ಹೇಳಿ ನಕ್ಕರೋ ನನಗೆ ಗೊತ್ತಾಗಲಿಲ್ಲ. ಇನ್ನು ಸಾಯುವ ತನಕ ಗೊತ್ತಾಗುವುದಿಲ್ಲ ಅನ್ನಿಸಿತು.

ತಟ್ಟೆ ಬಿಟ್ಟು ಹೊರಟೆ. ಗೋಡೆ ದಾಟಲಿಲ್ಲ, ಬಾಗಿಲಿನಿಂದಲೇ ಹೋದೆ. ಮೊದಲ ನಾಲ್ಕು ಮೆಟ್ಟಿಲ ಕಲ್ಲು ಏರುವಷ್ಟರಲ್ಲಿ ಅಂಗೈಗೆ ನೆಗ್ಗಿಲು ಮುಳ್ಳು ತುಂಬಿದವು. ತೊಟ್ಟಿಯಲ್ಲಿ ದಾರಿ ಇಳಿಜಾರಿಗೆ ಅಡ್ಡಕ್ಕೆ ತಿರುಗಿತು. ಅಲ್ಲಿ ಸಲೀಸಾಗಿ ಸರಿದೆ. ಆಮೇಲಿನ ಐದರಲ್ಲಿ ಎರಡು ಸಲ ಹಿಂದಕ್ಕೆ ಜಾರಿದೆ. ಗೌರೀಶಂಕರ ಎದ್ದು ಬಂದ.

"ಮುಟ್ಟಿದ್ರೆ ನೋಡು," ಎಂದೆ. ಅವನು ಹಾಗೇ ಕೂತುಕೊಂಡ.

ಸಾಲಿನ ಕೊನೆಗೆ ಬಂದು ಕೂತಾಗ ಯಾರ ತುತ್ತೂ ಬಾಯಿಗೆ ಹೋಗುತ್ತಿರಲಿಲ್ಲ. ಅವ್ವ ಸೆರಗಿನಿಂದ ನನ್ನ ಅಂಗೈ ಒರೆಸಿದಳು. ಜಗಳ ತೆಗೆಯಬೇಕೆಂದೇ ಬಂದಿದ್ದೆ, ಆದರೆ ಬಾಯಿಂದ ಬಂದದ್ದು ಬೇರೆ.

"ಅಣ್ಣ, ನಂಗೆ ಬಸ್ಸು ನೋಡೋದ್ ಬ್ಯಾಡ. ನಿಮ್ ಜೊತೇಲಿ ಕೂತು ಉಣ್ಬೇಕು."

ಅಣ್ಣ ತಲೆ ಎತ್ತಲಿಲ್ಲ. "ಗುಡ್ಡ ಇರೋದೇ ಇಂಗೆ. ನಾನೇನ್ ಮಾಡ್ಲಿ," ಎಂದ.

"ಮ್ಯಾಲಕ್ಕೆ ಅತ್ತೋದು ಕಷ್ಟ. ಅಡ್ಡಕ್ಕೆ ಓಗೋದು ಕಷ್ಟ ಇಲ್ಲ. ಈಗ ಬಂದ್ ನೋಡ್ದೆನಲ್ಲ. ಮನೇನ ಅಡ್ಡಕ್ಕೆ ಮಲಗ್ಸು."

ಅತ್ತ ಕೂತಿದ್ದ ಮೇಸ್ತ್ರಿ ರಾಮಣ್ಣ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಎದ್ದು, ಇಳಿಜಾರನ್ನು ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿ ಅಳೆದು ಬಂದ. "ಆಯ್ತದೆ ಗೌಡ್ರೆ. ಮ್ಯಾಲ್ಗಡೆ ತೋಡಿದ್ ಮಣ್ಣು ಕೆಳ್ಗಡೆ ತುಂಬಿದ್ರೆ ಒಂದೇ ಮಟ್ಟ. ಅನ್ನೊಂದಂಕಣ ಸಾಲಾಗಿ ಕೂತ್ಕತವೆ. ಇಂದ್ಗಡೆ ಮಳೆ ನೀರ್ಗೆ ಒಂದ್ ಕಾಲುವೆ ಒಡೀಬೇಕು. ಆದ್ರೆ," ಎಂದು ನಿಲ್ಲಿಸಿದ, "ತೊಟ್ಟಿ ಬರಾಕಿಲ್ಲ."

ಅಣ್ಣ ಕೈ ತೊಳೆದ. ಹೋಗಿ ತೊಟ್ಟಿಯ ಗೆರೆಯ ನಡುವೆ ಒಬ್ಬನೇ ನಿಂತ. ಎರಡು ವರ್ಷದಿಂದ ಅವನು ಮನಸ್ಸಿನಲ್ಲೇ ಆ ತೊಟ್ಟಿಯಲ್ಲಿ ಮಕ್ಕಳ ಮದುವೆ ಮಾಡುತ್ತಿದ್ದ, ನನಗೆ ಗೊತ್ತಿತ್ತು. ನಾನು ಕೇಳಿದ್ದು ಹೆಚ್ಚಾಯಿತೇನೋ ಎಂದು ಸಂಕಟವಾಯಿತು. ಅಷ್ಟರಲ್ಲಿ ಅವನು ಕಾಲಿನಿಂದ ಸುಣ್ಣದ ಗೆರೆ ಅಳಿಸತೊಡಗಿದ. ಮಕ್ಕಳು ಕುಣಿದುಕೊಂಡು ಹೋಗಿ ಉಳಿದದ್ದನ್ನು ಅಳಿಸಿದವು.

ಮನೆ ಏಳಲು ಹದಿನಾಲ್ಕು ತಿಂಗಳು ಹಿಡಿಯಿತು. ಊರಿನವರು ಅದಕ್ಕೆ ರೈಲುಮನೆ ಎಂದು ಹೆಸರಿಟ್ಟು, ಅರಸೀಕೆರೆಗೆ ಟಿಕೆಟ್ ಎಷ್ಟು ಎಂದು ಕೇಳಿ ನಗುತ್ತಿದ್ದರು. ಹಲಸಿನ ಕಂಬಗಳು ಉದ್ದನೆಯ ಜಗಲಿಗೆ ಬಂದವು. ದನಗಳು ಮಾತ್ರ ಮೂರು ಮೆಟ್ಟಿಲು ಕೆಳಗೆ. ಅವುಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಗೃಹಪ್ರವೇಶದ ಹಿಂದಿನ ದಿನ ಬೆಳಗ್ಗೆ, ಸಾರಿಸಿದ ನೆಲ ಒಣಗಿತೇ ನೋಡೋಣವೆಂದು ಗಾಡಿಯಲ್ಲಿ ಹೋದೆ. ಒಳಗೆ ಅಣ್ಣ ಪಂಚೆ ಎತ್ತಿಕಟ್ಟಿ, ನೆಲದ ಮೇಲೆ ಕೂತು, ಅಂಗೈ ಊರಿ ಮೈ ಎಳೆದುಕೊಂಡು ಒಂದೊಂದೇ ಹೊಸ್ತಿಲು ದಾಟುತ್ತಿದ್ದ. ಹಿಂದೆ ಉಳಿ ಹಿಡಿದು ಆಚಾರಿ ನಿಂತಿದ್ದ.

"ಇದಿನ್ನೂ ತೊಡೆಗೆ ಒತ್ತುತದೆ. ಇನ್ನೊಂದ್ ಬೆಳ್ಳಷ್ಟು ಕೆತ್ತು," ಎನ್ನುತ್ತಿದ್ದ.

ಊರ ಪಂಚಾಯ್ತಿಯಲ್ಲಿ ಯಾರಿಗೂ ಬಗ್ಗದ ಆಳು. ನನಗೆ ಕಣ್ಣು ತುಂಬಿತು. ಅವನು ನೋಡುವ ಮೊದಲೇ ಹಿಂದಕ್ಕೆ ಸರಿದುಕೊಂಡೆ.

ನೆಂಟರೆಲ್ಲ ಊರಿಗೆ ಹೋದ ಮೇಲೆ ಒಂದು ಮಧ್ಯಾಹ್ನ. ಜಗಲಿಯ ಆ ತುದಿಯಲ್ಲಿ ಹಗ್ಗ ಹೊಸೆಯುತ್ತ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹನ್ನೊಂದಂಕಣ ದಾಟಿ ಊಟದ ಸಾಲಿಗೆ ಬಂದಾಗ ಎಲ್ಲರೂ ಅರ್ಧ ಉಂಡಿದ್ದರು. ಯಾರೂ ಏಳಲಿಲ್ಲ, ಯಾರೂ ತಲೆ ಎತ್ತಿ ನೋಡಲಿಲ್ಲ.

"ಎಲ್ಲಿ ಆಳಾಗೋಗಿದ್ದೆ?" ಎಂದಳು ಅವ್ವ, ತಟ್ಟೆಯನ್ನು ಕುಕ್ಕಿ. "ಎಷ್ಟೊತ್ತು ಕಾಯೋದು ನಿಂಗೆ? ಮುದ್ದೆ ಆರೋಯ್ತು."

ಮರದಿಂದ ಬಿದ್ದ ಮೇಲೆ ಅವ್ವ ನನ್ನನ್ನು ಬೈದದ್ದು ಅದೇ ಮೊದಲು. ಗೌರೀಶಂಕರ ಜರುಗಿ ಜಾಗ ಬಿಟ್ಟ. ಆರಿದ ಮುದ್ದೆಯನ್ನೇ ಇನ್ನೊಂದು ಹಾಕಿಸಿಕೊಂಡು ಉಂಡೆ.