ಕಡೀಗೊಂದು ಮಾತು

"ಧ್ವನಿ ಸ್ವಚ್ಛ ಬಂದದಲ್ಲ?" ಎಂದು ರಂಗೂಬಾಯಿ ಒಳಬಾಗಿಲ ಮರೆಯಿಂದ ಕೇಳಿದಾಗ ಬಂದಗಿಸಾಬ ಹೆಮ್ಮೆಯಿಂದಲೇ ಹೌದೆಂದ. ಟೇಪ್ ರಿಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಮುದ್ದೇಬಿಹಾಳದಿಂದ ಇಂಡಿಯವರೆಗೆ ಬಸ್ಸಿನಲ್ಲಿ ಬಂದಿದ್ದ. ಕಾಲು ಇನ್ನೂ ಜೋಮು ಹಿಡಿದಿತ್ತು. ಸಭೆ ಸಮಾರಂಭಗಳ ಭಾಷಣ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ ಬಿಡಿ. ಕೆಮ್ಮು, ಕುರ್ಚಿ ಎಳೆದ ಸದ್ದು ಯಾವುದೂ ಅವನ ಟೇಪಿನಲ್ಲಿ ಬೀಳುತ್ತಿರಲಿಲ್ಲ.

ಅರವತ್ಮೂರರ ಬೇಸಿಗೆಯಲ್ಲಿ ರಂಗೂಬಾಯಿಯ ಗಂಡ ಗುರುರಾಜ ಮಾಸ್ತರರು ನಿವೃತ್ತರಾದಾಗ ಮುದ್ದೇಬಿಹಾಳದಲ್ಲಿ ದೊಡ್ಡ ಸತ್ಕಾರ ನಡೆದಿತ್ತು. ಮಗಳ ಬಾಣಂತನಕ್ಕೆಂದು ಇಂಡಿಗೆ ಬಂದಿದ್ದ ರಂಗೂಬಾಯಿಗೆ ಹೋಗಲಾಗಲಿಲ್ಲ. ಅದಾದ ಹದಿನೆಂಟನೆಯ ದಿನಕ್ಕೆ ಮಾಸ್ತರರು ತೀರಿಕೊಂಡರು. ಸಭೆಗೆ ಹೋಗಿದ್ದ ತಮ್ಮ ಪಂಢರಿನಾಥ, ಭಾವ ಎಲ್ಲರೆದುರು ನಿನ್ನ ಹೆಸರು ಹಿಡಿದು ಮಾತಾಡಿದರು ಅಕ್ಕಾ, ಎಂದು ಹೇಳಿದ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಮಾಸ್ತರರು ಒಮ್ಮೆಯೂ ಹೆಂಡತಿಯ ಹೆಸರು ಹಿಡಿದವರಲ್ಲ. "ಕೇಳಿತೇನು" ಎಂದರೆ ಅವರನ್ನೇ ಕರೆದರೆಂದು ಮನೆಮಂದಿಗೆಲ್ಲ ಗೊತ್ತು. ಆ ಕಾಲದವರು ಹಾಗೇ.

"ಅದೊಂದು ಕೇಳಬೇಕಪಾ. ಮತ್ತೇನೂ ಬ್ಯಾಡ," ಎಂದರು ರಂಗೂಬಾಯಿ.

ಅದೊಂದೇ ಬಂದಗಿಸಾಬನ ಟೇಪಿನಲ್ಲಿ ಇರಲಿಲ್ಲ. ಟೇಪಿನ ಸುರುಳಿ, ಆ ಸ್ಪೂಲುಗಳು, ಸೊಲ್ಲಾಪುರದಿಂದ ಬರಬೇಕು, ಸುಮ್ಮನೆ ಹಾಳು ಮಾಡುವಂತಿಲ್ಲ. ಹೀಗಾಗಿ ಅವನದೊಂದು ಪದ್ಧತಿ: ಭಾಷಣ ಮಾಡುವವರು "ಕಡೀಗೆ" ಎಂದರೆ ಸಾಕು, ಇನ್ನು ಆಭಾರ ಹೇಳುತ್ತಾರೆಂದು ಟೇಪು ನಿಲ್ಲಿಸಿಬಿಡುವುದು. ಅಂದೂ ನಿಲ್ಲಿಸಿದ್ದ. ಆಮೇಲೆ ಮಾಸ್ತರರು ಆಡಿದ್ದನ್ನು ಕಿವಿಯಾರೆ ಕೇಳಿದ್ದ. ಮನೆ ಮಾತು ಸಭೆಯ ಟೇಪಿಗೆ ಯಾಕೆ ಎಂದುಕೊಂಡಿದ್ದ, ಮೂರ್ಖ.

ಅದನ್ನು ಹೇಳದೆ ಗುಂಡಿ ಒತ್ತಿದ. ಮಾಸ್ತರರ ದನಿ ಪಡಸಾಲೆಯ ತುಂಬ ತುಂಬಿತು. ರಂಗೂಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಬಳಿ ಕೂತರು. ಸಾಲೆ, ಹುಡುಗರು, ಪ್ಲೇಗಿನ ವರ್ಷ ಎಲ್ಲ ಬಂತು. ಆಮೇಲೆ, "ಕಡೀಗೊಂದು ಮಾತು..."

ಟಕ್ಕೆಂದಿತು. ಬೇರೆ ಯಾರದೋ ಭಾಷಣ ಶುರುವಾಯಿತು.

"ತಪ್ಪಾತ್ರಿ ಬಾಯಾರ. ನಾನ ಬಂದ್ ಮಾಡಿದ್ನಿ," ಬಂದಗಿಸಾಬ ತಲೆ ಎತ್ತಲಿಲ್ಲ.

ರಂಗೂಬಾಯಿ ಸೆರಗನ್ನು ಬಾಯಿಂದ ತೆಗೆದರು. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ನೀ ಕೇಳೀಯೇನು?"

"ಕೇಳೇನ್ರಿ."

"ಹೆಂಗ ಅಂದ್ರು?"

ಬಂದಗಿಸಾಬ ಬಾಯಿ ತೆರೆದ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ರಂಗೂಬಾಯಿ ಗಡಬಡಿಸಿ ಕೈ ಅಡ್ಡ ಹಿಡಿದರು.

"ಬ್ಯಾಡ. ನೀ ಹೇಳಬ್ಯಾಡ. ನಿನ್ನ ಧ್ವನಿ ಕಿವಿಯಾಗ ಕೂತಬಿಡ್ತದ."

ಕೊನೆಯ ತುಣುಕು ಮತ್ತೊಮ್ಮೆ ಹಚ್ಚೆಂದರು. ಅವನು ಸ್ಪೂಲು ಹಿಂದಕ್ಕೆ ಸುತ್ತಿದ. ಈ ಸಲ ರಂಗೂಬಾಯಿ ಹೊಸ್ತಿಲು ದಾಟಿ ಬಂದು ಪೆಟ್ಟಿಗೆಗೆ ಕಿವಿ ಹಚ್ಚಿ ಕೂತರು. ಕಡೀಗೊಂದು ಮಾತು, ಎಂದರು ಮಾಸ್ತರರು. ಬಂದಗಿಸಾಬ ಗುಂಡಿ ಒತ್ತಿ ನಿಲ್ಲಿಸಿದ. ರಂಗೂಬಾಯಿ ಕಿವಿ ತೆಗೆಯಲಿಲ್ಲ.