ತೊಂಬತ್ತನಾಲ್ಕು ಮೀನುಗಳ ವಯಸ್ಸು

ಮೀನಿನ ತಲೆಯೊಳಗೆ, ಕಿವಿಯ ಭಾಗದಲ್ಲಿ, ಅವರೆಕಾಳಿಗಿಂತ ಚಿಕ್ಕದೊಂದು ಕಲ್ಲಿರುತ್ತದೆ. ಅದನ್ನು ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಉಂಗುರಗಳು ಕಾಣುತ್ತವೆ. ವರ್ಷಕ್ಕೊಂದು ಉಂಗುರ, ಎಣಿಸಿದರೆ ಮೀನಿನ ವಯಸ್ಸು ಸಿಕ್ಕಿತು. ಕೇಳುವುದಕ್ಕೆ ಎಷ್ಟು ಸಲೀಸು! ಆದರೆ ಮೀನು ಮುದಿಯಾದಂತೆ ಅಂಚಿನ ಉಂಗುರಗಳು ಒಂದಕ್ಕೊಂದು ಒತ್ತರಿಸಿಕೊಂಡು ಬರುತ್ತವೆ, ಅಲ್ಲಿ ಎಂಥವರ ಕಣ್ಣೂ ಸೋಲುತ್ತದೆ. ಅದಕ್ಕೇ ಈ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಒಂದೇ ಕಲ್ಲನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ಒಬ್ಬರಿಗೆ ಬಂದ ಸಂಖ್ಯೆಯನ್ನು ನೋಡಿ ಇನ್ನೊಬ್ಬರು ತಮ್ಮದನ್ನು ತಿದ್ದಬಾರದು.

ಭಾವನಾ ತಿದ್ದಿದ್ದಳು. ಕೆಟ್ಟ ಬುದ್ಧಿಯಿಂದಲ್ಲ, ಭಕ್ತಿಯಿಂದ. ಭಕ್ತಿಯಿಂದ ಮಾಡಿದ ತಪ್ಪನ್ನು ಹಿಡಿಯುವುದು ಎಷ್ಟು ಕಷ್ಟ ನೋಡಿ, ಮಾಡಿದವಳಿಗೇ ಅದು ತಪ್ಪು ಅಂತ ಎಂಟು ತಿಂಗಳು ಹೊಳೆದಿರಲಿಲ್ಲ.

ಮಂಗಳೂರಿನಲ್ಲಿ ಮೀನುಗಾರಿಕೆ ಓದಿದ ಹುಡುಗಿ ಅವಳು. ಗಂಡ ರಾಹುಲನ ವೀಸಾದ ಬಾಲ ಹಿಡಿದು ಪರ್ತ್‌ಗೆ ಬಂದು, ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಮನೆ ಮಾಡಿದಳು. ಅರ್ಜಿ ಹಾಕಿ ಹಾಕಿ ಬೆರಳು ಸವೆಯಿತೇ ಹೊರತು ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ಕೊನೆಗೆ ಒಂದು ಪೆಟ್ರೋಲ್ ಬಂಕಿನ, ಅಲ್ಲಿಯವರ ಬಾಯಲ್ಲಿ 'ಸರ್ವೋ', ಕೌಂಟರಿನಲ್ಲಿ ನಿಂತಳು. ಎರಡು ವರ್ಷ ನಿಂತಳು. ಮೂರನೆಯ ಯುಗಾದಿಗೆ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಪಕ್ಕದ ಕುರ್ಚಿಗೆ ಬಂದು ಕೂತವರು ವೇಣುಗೋಪಾಲ. ಮೈಸೂರಿನವರು, ಅಡಿಲೇಡ್‌ನಲ್ಲಿ ಮೂವತ್ತು ವರ್ಷದಿಂದ ಸಿಹಿನೀರಿನ ಮೀನುಗಳ ವಿಜ್ಞಾನಿ. ಯಾವುದೋ ಸಮ್ಮೇಳನಕ್ಕೆಂದು ಪರ್ತ್‌ಗೆ ಬಂದಿದ್ದರು.

"ಅಲ್ಲಮ್ಮಾ, ಮೀನು ಓದಿದೋಳು ಸರ್ವೋದಲ್ಲಿ ಪೆಟ್ರೋಲ್ ಮಾರ್ತಿದ್ದೀಯಾ?" ಎಂದು ಒಬ್ಬಟ್ಟನ್ನು ತಟ್ಟೆಯಲ್ಲೇ ಬಿಟ್ಟು ಕೇಳಿದ್ದರು.

ಮುಂದಿನ ವಾರ ಒಂದು ಹಳೆಯ ಮೈಕ್ರೋಸ್ಕೋಪು, ಒಂದು ಡಬ್ಬಿ ಗಾಜಿನ ಪಟ್ಟಿಗಳು ಅವಳ ಮನೆಬಾಗಿಲಿಗೆ ಬಂದವು. ಆಮೇಲೆ ನಾಲ್ಕು ತಿಂಗಳು ದಿನಾ ಸಂಜೆ ವೀಡಿಯೊ ಕಾಲಿನಲ್ಲಿ ಪಾಠ. ಅದಾದ ಮೇಲೆ ಪರ್ತ್‌ನ ಒಂದು ಪ್ರಯೋಗಾಲಯಕ್ಕೆ ಅವರೇ ಪತ್ರ ಬರೆದು ಅವಳಿಗೆ ಕೆಲಸ ಕೊಡಿಸಿದರು. ಕರುಳು ಸಂಬಂಧವಿಲ್ಲ, ಪೂರ್ವ ಪರಿಚಯವಿಲ್ಲ. ಯಾರು ಮಾಡುತ್ತಾರೆ ಇಷ್ಟೆಲ್ಲ? ಬೆಳಿಗ್ಗೆ ದೇವರ ದೀಪ ಹಚ್ಚುವಾಗ ಭಾವನಾ ಅವರ ಹೆಸರನ್ನೂ ಸೇರಿಸಿಯೇ ಕೈ ಮುಗಿಯುತ್ತಿದ್ದಳು.

ಈಗ ಅವರಿಬ್ಬರೂ ಸೇರಿ ಮಾಡುತ್ತಿದ್ದದ್ದು ಅಲೆಕ್ಸಾಂಡ್ರೀನಾ ಸರೋವರದ ಕೆಲಸ. ಅಡಿಲೇಡ್‌ನಿಂದ ಒಂದೂವರೆ ಗಂಟೆಯ ದಾರಿ. ಮರ್ರೆ ನದಿ ಕಡಲು ಸೇರುವ ಮುನ್ನ ಮೈಚೆಲ್ಲಿ ಮಲಗುವ ಜಾಗ, ಆಚೆ ದಡ ಕಣ್ಣಿಗೆ ಬೀಳದಷ್ಟು ದೊಡ್ಡದು. ಅಲ್ಲಿಂದ ತಂದ ಮುನ್ನೂರ ಹನ್ನೆರಡು ಗೋಲ್ಡನ್ ಪರ್ಚ್ ಮೀನುಗಳ ವಯಸ್ಸು ಗೊತ್ತಾಗಬೇಕಿತ್ತು. ಮೀನುಗಳೆಲ್ಲ ಹದಿನಾಲ್ಕು ವರ್ಷದ ಹಿಂದಿನ ದೊಡ್ಡ ಪ್ರವಾಹದಲ್ಲಿ ಹುಟ್ಟಿದವಾದರೆ, ಆ ಮೀನಿನ ಸಂತಾನಕ್ಕೆ ನೆರೆನೀರು ಬೇಕೇಬೇಕು ಎಂದರ್ಥ. ಮೇಲಿನ ಅಣೆಕಟ್ಟುಗಳಿಂದ ಆಗಾಗ ನೀರು ಬಿಡಬೇಕು. ನೆರೆಯಿಲ್ಲದ ಸಾಧಾರಣ ವರ್ಷಗಳಲ್ಲೂ ಮರಿಗಳಾಗಿದ್ದರೆ ಬಿಡಬೇಕಾಗಿಲ್ಲ. ನೀರು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಈ ವರದಿಗಾಗಿಯೇ ಕಾದಿತ್ತು.

ವೇಣುಗೋಪಾಲ ಸರ್ ಮೊದಲು ಎಣಿಸಿ, ಗಾಜಿನ ಪಟ್ಟಿಗಳನ್ನು ಪರ್ತ್‌ಗೆ ಕಳಿಸುತ್ತಿದ್ದರು. ಜೊತೆಗೆ ತಮ್ಮ ಕೈಬರಹದ ಹಾಳೆ, ಅಂಟಿಸಿದ ಲಕೋಟೆಯಲ್ಲಿ. "ನಿನ್ನ ಎಣಿಕೆ ಮುಗಿದ ಮೇಲೆ ಒಡೆದು, ಎರಡನ್ನೂ ಕಂಪ್ಯೂಟರಿಗೆ ಹಾಕಮ್ಮ" ಎಂದಿದ್ದರು. ಅಷ್ಟು ನಂಬಿಕೆ. ಭಾವನಾ ಒಂದು ದಿನವೂ ಮೊದಲೇ ಒಡೆಯಲಿಲ್ಲ. ಆದರೆ ಒಡೆದ ಮೇಲೆ ಏನಾಗುತ್ತಿತ್ತೆಂದರೆ, ಅವಳಿಗೆ ಹದಿನಾಲ್ಕು ಬಂದ ಕಡೆ ಸರ್‌ಗೆ ಹತ್ತು; ಅವಳಿಗೆ ಹದಿಮೂರು ಬಂದ ಕಡೆ ಅವರಿಗೆ ಹನ್ನೊಂದು. ಮೂವತ್ತು ವರ್ಷ ಕಲ್ಲು ನೋಡಿದ ಕಣ್ಣೆಲ್ಲಿ, ನಿನ್ನೆ ಮೊನ್ನೆ ಕಲಿತ ತಾನೆಲ್ಲಿ! ತನ್ನದೇ ತಪ್ಪಿರಬೇಕೆಂದು ಕಂಪ್ಯೂಟರಿನಲ್ಲಿ ತನ್ನ ಸಂಖ್ಯೆಯನ್ನು ಅಳಿಸಿ ಅವರದ್ದಕ್ಕೆ ಸರಿ ಮಾಡಿದಳು. ಒಂದಲ್ಲ ಎರಡಲ್ಲ, ತೊಂಬತ್ತನಾಲ್ಕು ಮೀನು.

ಒಂದು ಸೋಮವಾರ ಬೆಳಿಗ್ಗೆ ಅವಳು ದೋಸೆ ಹಂಚಿನ ಮುಂದಿದ್ದಾಗ ಬ್ರಿಸ್ಬೇನ್‌ನಿಂದ ಮಾಲವಿಕಾ ಫೋನ್ ಮಾಡಿದಳು. ಇಬ್ಬರ ಅಂಕಿಗಳನ್ನೂ ಪರಿಶೀಲಿಸಿ ವರದಿಗೆ ಕೊಡುವ ಸಂಖ್ಯಾತಜ್ಞೆ ಅವಳು. ಬೆಂಗಳೂರಿನ ಹುಡುಗಿ, ಮಾತು ಚುರುಕು.

"ಭಾವನಾ, ನಿಂದೂ ಸರ್‌ದೂ ನೂರಕ್ಕೆ ನೂರು ಮ್ಯಾಚ್ ಆಗ್ತಿದೆ ಕಣೇ."

"ಒಳ್ಳೇದಲ್ವಾ?"

"ಒಳ್ಳೇದಾ? ನನ್ನ ಎಡಗೈ ಬಲಗೈ ಮೊಳಾನೇ ಇಷ್ಟು ಸಮ ಇಲ್ಲ. ಮುನ್ನೂರು ಮೀನಲ್ಲಿ ಒಂದೂ ವ್ಯತ್ಯಾಸ ಇಲ್ಲ ಅಂದ್ರೆ ಯಾರು ನಂಬ್ತಾರೆ? ನಿಜ ಹೇಳು, ಏನ್ ಮಾಡ್ದೆ?"

ದೋಸೆ ಸೀಯುತ್ತಿತ್ತು. ಭಾವನಾ ಒಲೆ ಆರಿಸಿ ಎಲ್ಲವನ್ನೂ ಹೇಳಿದಳು.

"ನೀನು ಮೊದಲು ಬರೆದಿದ್ದು ಎಲ್ಲಾದ್ರೂ ಉಳಿದಿದ್ಯಾ?"

"ಪೆನ್ಸಿಲ್ಲಲ್ಲಿ ಬರೆದ ನೋಟ್‌ಬುಕ್ ಇದೆ."

"ಸದ್ಯ, ಬದುಕಿದ್ವಿ. ಶುಕ್ರವಾರ ಸಮಿತಿ ಮೀಟಿಂಗು. ಅಷ್ಟರೊಳಗೆ ನೀನೇ ಸರ್‌ಗೆ ಹೇಳು. ಇಲ್ದಿದ್ರೆ ನಾನು ಹೇಳ್ಬೇಕಾಗತ್ತೆ, ನಂಗಿಷ್ಟ ಇಲ್ಲ."

ಮಾಲವಿಕಾ ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ತಿದ್ದಿದ ಕೆಲವು ಮೀನುಗಳ ಕಲ್ಲನ್ನು ಮತ್ತೆ ಎಣಿಸಿದಳು, ಮೊದಲಿನ ಸಂಖ್ಯೆಯೇ ಬಂತು. ಅನ್ನ ಹಾಕಿದ ಮನುಷ್ಯನ ಎದುರು ನಿಂತು, ನಿಮ್ಮ ಎಣಿಕೆ ತಪ್ಪು ಅನ್ನಬೇಕು. ಅನ್ನದಿದ್ದರೆ ಮೀನುಗಳು ನೆರೆಯಿಲ್ಲದೆಯೂ ಹುಟ್ಟಿವೆ ಎಂದು ಇಡೀ ಸರೋವರದ ಬಗ್ಗೆ ಸುಳ್ಳು ವರದಿ ಹೋಗುತ್ತದೆ, ನೀರು ನಿಲ್ಲುತ್ತದೆ, ಮುದಿ ಮೀನುಗಳು ಒಂದೊಂದಾಗಿ ಸತ್ತ ಮೇಲೆ ಹಿಂದೆ ಮರಿಗಳೇ ಇರುವುದಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಬುಧವಾರ ವಿಮಾನ ಹತ್ತಿದಳು.

ಅಡಿಲೇಡ್‌ನ ಮನೆಯಲ್ಲಿ ಸರ್ ಹೆಂಡತಿ ಜಯಲಕ್ಷ್ಮಿ ಆಂಟಿ ಬಾಗಿಲಲ್ಲೇ ತಬ್ಬಿಕೊಂಡು, ಒಳಗೆ ಕೂರಿಸಿ, ಬಿಸಿಬೇಳೆಬಾತ್ ಬಡಿಸಿದರು. ಅವರು ಮೊಟ್ಟೆಯನ್ನೂ ಮುಟ್ಟದವರು.

"ತಿನ್ನೋದಿಲ್ಲ, ಸಾಕೋದಿಲ್ಲ, ಹೋಗಿ ಹೋಗಿ ಅದರ ವಯಸ್ಸು ಕೇಳ್ಕೊಂಡು ಕೂತಿದ್ದಾರೆ ನೋಡು ನಿಮ್ಮ ಸರ್ರು" ಎಂದರು. "ನನ್ನ ನೋಡೋಕೆ ಬಂದಾಗಲೂ ಇಷ್ಟು ವಯಸ್ಸು ವಿಚಾರಿಸಿರಲಿಲ್ಲ."

ವೇಣುಗೋಪಾಲ ಹೊಟ್ಟೆ ಕುಲುಕಿಸಿ ನಕ್ಕರು. ಭಾವನಾ ತಟ್ಟೆಯಲ್ಲಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಕೈ ತೊಳೆದು ಬಂದವಳೇ, "ಸರ್, ನಾನೊಂದು ತಪ್ಪು ಮಾಡಿದೀನಿ" ಎಂದಳು.

"ಏನು, ಗಾಜು ಒಡೆದ್ಯಾ?"

ಅವಳು ಹೇಳುತ್ತ ಹೋದಂತೆ ಅವರ ನಗು ಇಳಿಯಿತು. ನೋಟ್‌ಬುಕ್ಕನ್ನು ತಿರುವಿದರು. ಎದ್ದು, ಗ್ಯಾರೇಜಿನ ಮೂಲೆಯಲ್ಲಿದ್ದ ಮೈಕ್ರೋಸ್ಕೋಪಿನ ಮುಂದೆ ಕೂತು, ಪರ್ತ್‌ನಿಂದ ಅವಳು ತಂದಿದ್ದ ಒಂದು ಗಾಜಿನ ಪಟ್ಟಿಯನ್ನು ಇಟ್ಟುಕೊಂಡರು.

"ಹತ್ತು" ಎಂದರು.

"ನಂಗೆ ಹದಿನಾಲ್ಕು ಕಾಣತ್ತೆ ಸರ್." ಅವರ ಮಾತಿಗೆ ಎದುರಾಗಿ ಅವಳು ಆಡಿದ ಮೊದಲ ಮಾತು ಅದು.

ಅವರು ಮತ್ತೆ ನೋಡಿದರು. ದೀಪ ಹೆಚ್ಚಿಸಿದರು, ಕನ್ನಡಕ ಒರೆಸಿದರು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದರು. ತಲೆಯೆತ್ತಿದಾಗ ಮುಖ ಸಣ್ಣದಾಗಿತ್ತು.

"ಅಂಚು ಬರೀ ಮಂಜು ಕಣಮ್ಮ" ಎಂದರು. "ನಂಗೆ ಅನುಮಾನ ಇತ್ತು. ಹೋದ ವರ್ಷದಿಂದ್ಲೇ ಇತ್ತು. ಡಾಕ್ಟರ ಹತ್ರ ಹೋಗೋಣ ಅನ್ಕೋತಿದ್ದೆ. ಅಷ್ಟರಲ್ಲಿ ನಿನ್ನ ಎಣಿಕೆ ಬರ್ತಿತ್ತು. ಅಬ್ಬ, ಭಾವನಾಗೂ ಅಷ್ಟೇ ಬಂದಿದೆ, ನನ್ನ ಕಣ್ಣು ಚೆನ್ನಾಗೇ ಇದೆ ಅಂತ ಸುಮ್ನಾಗ್ತಿದ್ದೆ. ಕಾರ್ ಬೇರೆ ಓಡಿಸ್ತಿದ್ದೆ, ಜಯಾನ ಪಕ್ಕದಲ್ಲಿ ಕೂರಿಸ್ಕೊಂಡು."

ಭಾವನಾಗೆ ಈಗ ಹೊಳೆಯಿತು. ಗೌರವ ಅಂದುಕೊಂಡು ತಾನು ಎಂಟು ತಿಂಗಳು ಈ ಮನುಷ್ಯನ ಕಣ್ಣು ಕಟ್ಟಿ ಕೂರಿಸಿದ್ದಳಲ್ಲ! ನಿಮ್ಮ ಮೇಲಿನ ಗೌರವಕ್ಕೆ ಹಾಗೆ ಮಾಡಿದೆ ಸರ್ ಎಂದು ಅವಳು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು.

"ಗೌರವ ಅಂತೆ ಗೌರವ!" ವೇಣುಗೋಪಾಲರಿಗೆ ಈಗ ಸಿಟ್ಟು ಬಂತು. "ನನ್ನ ಮಾತಿಗೆ ಹೂಂಗುಟ್ಟೋರು ಬೇಕಿದ್ರೆ ನಿಂಗ್ಯಾಕೆ ಕಲಿಸ್ತಿದ್ದೆ? ನನ್ನ ಕಣ್ಣು ತಪ್ಪಿದ್ರೆ ಇನ್ನೊಂದು ಜೊತೆ ಕಣ್ಣು ಇರ್ಲಿ ಅಂತ ಕಲಿಸಿದ್ದು."

ಆಮೇಲೆ ದನಿ ತಗ್ಗಿಸಿದರು. "ಅಳ್ಬೇಡ ಸಾಕು. ಮುಚ್ಚಿಡಬಹುದಿತ್ತು, ಮುಚ್ಚಿಡ್ಲಿಲ್ಲ. ಅಷ್ಟು ದೂರದಿಂದ ಬಂದು ಎದುರಿಗೆ ನಿಂತು ಹೇಳ್ದೆ. ಮೂವತ್ತು ವರ್ಷದ ಹೆಸರು ಶುಕ್ರವಾರ ಮಣ್ಣುಪಾಲಾಗ್ತಿತ್ತು, ಉಳಿಸ್ಕೊಟ್ಟೆ. ಥ್ಯಾಂಕ್ಸ್ ಕಣಮ್ಮ." ಹಾಗೆಂದವರು ಎರಡೂ ಕೈ ಜೋಡಿಸಿದಾಗ ಭಾವನಾ ಗಾಬರಿಯಿಂದ ಅವರ ಕೈ ಹಿಡಿದುಕೊಂಡಳು.

ಶುಕ್ರವಾರ ಸಮಿತಿಯ ಮುಂದೆ ಅವರು ಸುತ್ತುಬಳಸಲಿಲ್ಲ. ತಮ್ಮ ಕಣ್ಣಿನಲ್ಲಿ ದೋಷವಿದೆ, ತಮ್ಮ ಎಣಿಕೆ ನಂಬಬೇಡಿ ಎಂದರು. ಶಿಷ್ಯೆ ತಿದ್ದಿದ ವಿಷಯವನ್ನು ಹಾಗೇ ತೇಲಿಸಿಬಿಡುವ ಅಂದಾಜಿನಲ್ಲಿದ್ದರು. ಭಾವನಾ ಬಿಡಲಿಲ್ಲ, ಎದ್ದು ನಿಂತು, ಎರಡನೆಯ ಎಣಿಕೆಯನ್ನು ತಿದ್ದಿದವಳು ನಾನು ಎಂದಳು. ಅವಳ ಹೆಸರಿಗೆ ಒಂದು ಎಚ್ಚರಿಕೆ ಪತ್ರ ಬಂತು, ನ್ಯಾಯವಾಗಿಯೇ ಬಂತು. ಕೆಲಸ ಉಳಿಯಿತು. ಗಾಜಿನ ಪಟ್ಟಿಗಳೆಲ್ಲ ಬ್ರಿಸ್ಬೇನ್‌ಗೆ ಹೋದವು, ಈ ಇಬ್ಬರನ್ನೂ ಕಂಡರಿಯದ ಮೂರನೆಯವರೊಬ್ಬರು ಆರು ವಾರ ಕೂತು ಎಲ್ಲವನ್ನೂ ಹೊಸದಾಗಿ ಎಣಿಸಿದರು. ತೊಂಬತ್ತನಾಲ್ಕರಲ್ಲಿ ಎಂಬತ್ತೆಂಟು ಕಡೆ ಭಾವನಾಳ ಪೆನ್ಸಿಲಿನ ಸಂಖ್ಯೆಯೇ ಸರಿ. ಆ ಮೀನುಗಳಲ್ಲಿ ಹೆಚ್ಚಿನವು ಪ್ರವಾಹದ ಮಕ್ಕಳು. ವರದಿಯ ಕೊನೆಯ ಪುಟ ಬದಲಾಯಿತು. ವಸಂತದಲ್ಲಿ ನೀರು ಬಿಡುವುದೆಂದು ಸಮಿತಿ ಒಪ್ಪಿತು.

ವೇಣುಗೋಪಾಲರ ಕಣ್ಣಿನಲ್ಲಿದ್ದದ್ದು ಪೊರೆ. ಹುಬ್ಬಳ್ಳಿ ಕಡೆಯ ಡಾಕ್ಟರ್ ಸೋಮಶೇಖರ ಅಡಿಲೇಡ್‌ನ ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಎರಡೂ ಕಣ್ಣಿಗೆ ಆಪರೇಷನ್ ಮಾಡಿದರು.

ನೀರು ಬಂದ ವಾರ ಭಾವನಾಳನ್ನು ಮತ್ತೆ ಕರೆಸಿಕೊಂಡರು. ಜಯಲಕ್ಷ್ಮಿ ಆಂಟಿಯೂ ಸೇರಿ ಮೂವರೂ ಸರೋವರದ ದಡದಲ್ಲಿ ನಿಂತಿದ್ದರು. ಕಂದು ಬಣ್ಣದ ಹೊಸ ನೀರು ಜೊಂಡಿನ ಬುಡಕ್ಕೆ ಏರುತ್ತಿತ್ತು. ಈ ನೀರಿಗೆ, ಈ ದಂಪತಿಗೆ, ಆ ಮಾಲವಿಕಾಳ ಚುರುಕು ನಾಲಿಗೆಗೆ ಎಷ್ಟು ಕೈ ಮುಗಿದರೂ ಕಡಿಮೆಯೇ ಅಂತ ಭಾವನಾಗೆ ಅನ್ನಿಸಿತು. ದೂರದ ಮರಳದಿಬ್ಬದ ಮೇಲೆ ಪೆಲಿಕನ್ ಹಕ್ಕಿಗಳು ಸಾಲಾಗಿ ಕೂತಿದ್ದವು.

"ಹನ್ನೊಂದು" ಎಂದರು ವೇಣುಗೋಪಾಲ.

ಭಾವನಾ ಕೈ ಅಡ್ಡ ಹಿಡಿದು ನೋಡಿದಳು. "ಹನ್ನೆರಡು ಸರ್."

"ಕೊನೇದು ಹಕ್ಕಿ ಅಲ್ಲ, ಕಂಬ. ನೋಡು."

ಅವಳು ಒಂದರಿಂದ ಶುರುಮಾಡಿ ಮತ್ತೆ ಎಣಿಸಿದಳು. "ಹೌದು ಸರ್, ಹನ್ನೊಂದೇ."

ಅವರು ಅವಳ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು. "ನಿಜವಾಗ್ಲೂ ಎಣಿಸಿದ್ಯಾ, ಇಲ್ಲ ನಾನು ಹೇಳ್ದೆ ಅಂತ ಹೇಳ್ತಿದ್ದೀಯಾ?"

"ನಿಜವಾಗ್ಲೂ ಎಣಿಸಿದೆ ಸರ್. ನಂದೇ ತಪ್ಪು."

ತನ್ನ ತಪ್ಪನ್ನು ಇಷ್ಟು ಸಂತೋಷದಿಂದ ಅವಳು ಹಿಂದೆಂದೂ ಒಪ್ಪಿಕೊಂಡಿರಲಿಲ್ಲ.