ಮಷೀನಿನ ಸಾಕ್ಷಿ

ದ್ರಾಕ್ಷಾಯಣಿ ಬಡಿದ ರೊಟ್ಟಿ ಹರಿಯತೊಡಗಿ ವರ್ಷವಾಗಿತ್ತು. ಬಲಗೈ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಕುತ್ತಿಗೆಯಿಂದ ಕಿರುಬೆರಳಿನವರೆಗೂ ಉರಿ. ಹಳಿಯಾಳದ ಆ ತುಂಬಿದ ಮನೆಯಲ್ಲಿ ರೊಟ್ಟಿ ಬಡಿಯಲಾರದ ಸೊಸೆಗೆ ಒಂದೇ ಹೆಸರು.

"ಮೈಗಳ್ಳಿ," ಎನ್ನುತ್ತಿದ್ದಳು ಅತ್ತೆ ಗುರುಸಿದ್ದವ್ವ. "ತಿನ್ನಾಕ ಬರತೈತಿ, ಬಡಿಯಾಕ ಬರೂದಿಲ್ಲ."

ಉಳುಕಿರಬಹುದೆಂದು ಮಲಕಪ್ಪನ ಬಳಿಗೂ ಕರೆದೊಯ್ದಿದ್ದಳು. ಕಾಲು ಮುಂದಾಗಿ ಹುಟ್ಟಿದವನು ಒದ್ದರೆ ಉಳುಕು ಬಿಡುತ್ತದೆಂದು ಊರಿನ ನಂಬಿಕೆ. ಅವನ ಹಿಮ್ಮಡಿ ಕುತ್ತಿಗೆಗೆ ಬಿದ್ದಾಗ ದ್ರಾಕ್ಷಾಯಣಿಗೆ ಕಣ್ಣು ಕತ್ತಲಿಟ್ಟಿತು. ಗುಣವಾಗಲಿಲ್ಲ. ಅದಕ್ಕೂ ಅವಳದೇ ತಪ್ಪು: ಇಲ್ಲದ ನೋವು ಹೋಗುವುದೆಲ್ಲಿಂದ?

ಕೊನೆಗೆ ಅವಳ ಕೈಯಿಂದ ಚಹಾದ ಲೋಟ ಜಾರಿ ಗಂಡ ಶಿವಯೋಗಿಯ ತೊಡೆ ಸುಟ್ಟ ಮೇಲೆ, ಅವನು ಧಾರವಾಡದ ಡಾಕ್ಟರ ಬಳಿ ಕರೆದುಕೊಂಡು ಹೊರಟ.

"ನರದ ಟೆಸ್ಟ್ ಮಾಡ್ತಾರಂತ," ಎಂದ ಬಸ್ಸಿನಲ್ಲಿ. "ಮಷೀನು ಸುಳ್ಳ ಹೇಳೂದಿಲ್ಲ ನೋಡು. ಏನೂ ಇಲ್ಲಂತ ಬಂತಂದ್ರ, ನಾಳಿಂದ ಸುಮ್ಮನ ರೊಟ್ಟಿ ಬಡೀಬೇಕು."

ದಾರಿಯುದ್ದಕ್ಕೂ ಅವಳು ಬೇಡಿಕೊಂಡಳು: ಏನಾದರೂ ಕಾಣಲಿ, ಶಿವನೇ. ರೋಗ ಬೇಡವೆಂದು ಹರಕೆ ಹೊರುವವರ ನಡುವೆ ಇವಳೊಬ್ಬಳು ರೋಗವಿರಲಿ ಎಂದು ಕೈ ಮುಗಿದಳು.

ಆಸ್ಪತ್ರೆಯಲ್ಲಿ ಮೊದಲು ಕುತ್ತಿಗೆಯ ಸ್ಕ್ಯಾನ್ ಆಯಿತು. ನಂತರ ತೋಳಿಗೆ ಕರೆಂಟು ಕೊಟ್ಟಾಗ ಬೆರಳುಗಳು ತಾವಾಗಿಯೇ ಹಾರಿದವು. ಆಮೇಲೆ ಡಾಕ್ಟರಮ್ಮ, ಹೆಬ್ಬೆರಳು ತೋರುಬೆರಳ ನಡುವೆ ಕುಳಿಬಿದ್ದಿದ್ದ ಕಡೆ ತೆಳ್ಳನೆಯ ಸೂಜಿ ಚುಚ್ಚಿ, "ಕೈ ಸಡಿಲ ಬಿಡು, ತಂಗಿ" ಎಂದಳು. ಮಷೀನಿನಿಂದ ಒಗ್ಗರಣೆಯ ಸಾಸಿವೆ ಸಿಡಿದಂಥ ಸದ್ದು ಬಂತು.

"ಸುಮ್ಮನಿದ್ದ ಸ್ನಾಯು ಹಿಂಗ ಸದ್ದು ಮಾಡಬಾರದು. ಸ್ಕ್ಯಾನಿನ್ಯಾಗ ಕಂಡಂಗ, ಕುತ್ತಿಗಿ ಎಲಬು ಸವದು ನರ ಒತ್ತೈತಿ. ಯಾರರ ಕುತ್ತಿಗಿ ತಿರುವ್ಯಾರೇನು?"

ಶಿವಯೋಗಿ ಗೋಡೆ ನೋಡಿದ.

"ಒದಿಸ್ಯಾರ್ರಿ," ಎಂದಳು ದ್ರಾಕ್ಷಾಯಣಿ.

ಡಾಕ್ಟರಮ್ಮ ಸೂಜಿ ತೆಗೆದು ಚುಚ್ಚಿದ ಕಡೆ ಹತ್ತಿ ಒತ್ತಿದಳು. ಆಮೇಲೆ ಮೆಲ್ಲಗೆ, "ಆಪರೇಷನ್ ಮಾಡಿದ್ರ ಇನ್ನಷ್ಟು ಕೆಡೂದು ನಿಲ್ಲಬಹುದು. ಹೋದ ಶಕ್ತಿ ತಿರುಗಿ ಬರತೈತಿ ಅಂತ ಹೇಳಾಕಾಗೂದಿಲ್ಲ, ತಂಗಿ. ಭಾಳ ತಡಾ ಆಗೈತಿ" ಎಂದಳು.

ಮನೆ ಮುಟ್ಟಿದ್ದೇ ಶಿವಯೋಗಿ ಹೊಸ್ತಿಲಿನಿಂದಲೇ ಕೂಗಿದ: "ಅವ್ವಾ, ಖರೇನ ಐತಿ! ಮಷೀನಿನ್ಯಾಗ ಬಂದೈತಿ!"

ಗುರುಸಿದ್ದವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ ನಮ್ಮವ್ವ! ಇಷ್ಟ ಇತ್ತಂದ್ರ ಮದಲ ಬಾಯಿ ಬಿಟ್ಟು ಹೇಳಬಾರದೇನ?" ತಾನೇ ತಾಟಿನಲ್ಲಿ ರೊಟ್ಟಿ ಪಲ್ಯ ಹಾಕಿ ತಂದು ಎದುರಿಗೆ ಕುಳಿತಳು. "ಎಡಗೈಲೆ ಉಣ್ಣವಾ. ಇನ್ನ ಯಾರೂ ಏನೂ ಅನ್ನೂದಿಲ್ಲ."

ದ್ರಾಕ್ಷಾಯಣಿ ಬಲಗೈಯಿಂದಲೇ ರೊಟ್ಟಿ ಮುರಿಯಲು ನೋಡಿದಳು. ಬೆರಳು ಜಾರಿದವು. ತಾಟು ಸರಿಸಿ ಎದ್ದಳು.

"ಯಾಕವಾ, ಹಸಿವಿಲ್ಲೇನ?"

"ನನ್ನ ಯಾಕ ಕೇಳ್ತೀರಿ, ಅತ್ತಿ? ಮಷೀನಿಗೆ ಕೇಳ್ರಿ."